ರೆಕ್ಕೆ ಓರೆ ಮಾಡಿ ಹಾರೋ ವಿಮಾನ: ವಿನ್ಯಾಸ ನೋಡೋರು ಯಾರು?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ: ಯಾವ ಊರಿಗೆ ಹೋದರೂ ಟ್ರ್ಯಾಕ್ಟರ್ ಟ್ರೇಲರ್ ಮಾಡಿಕೊಡುವ ವೆಲ್ಡಿಂಗ್ ಶೆಡ್ ಸಿಗುತ್ತೆ. ಪೈಪು, ಬಟ್ಟೆ, ಸಣ್ಣ ಎಂಜಿನ್ ಕೊಟ್ಟರೆ ವಿಮಾನದ ಚೌಕಟ್ಟು ಕಟ್ಟಬಲ್ಲ ಕೈಗಳೂ ಅಲ್ಲಿವೆ. ಕಷ್ಟ ಇರೋದು ಕಟ್ಟೋದರಲ್ಲಲ್ಲ, ಮೇಲೇರಿದ್ದನ್ನು ಹಿಡಿತದಲ್ಲಿ ಇಡೋದರಲ್ಲಿ.

ಬೆಂಗಳೂರಿನ ರಾಜ್ ಹಂಸ ಅಲ್ಟ್ರಾಲೈಟ್ಸ್ ತಯಾರಿಸಿದ 'ಕ್ಲಿಪ್ಪರ್' ಎಂಬ ಹಗುರ ವಿಮಾನ ನೋಡಿ. ಮೇಲೆ ಬಟ್ಟೆಯ ತ್ರಿಕೋನ ರೆಕ್ಕೆ, ಕೆಳಗೆ ಮೂರು ಗಾಲಿಯ ಗಾಡಿ, ಬೆನ್ನಿಗೊಂದು ಎಂಜಿನ್. ಬಾಲವಿಲ್ಲ. ರೆಕ್ಕೆಯಂಚಲ್ಲಿ ಏರಿಳಿಯುವ ಹಲಗೆಗಳೂ ಇಲ್ಲ. ಪೈಲಟ್ ಎದುರಿನ ಅಡ್ಡಪಟ್ಟಿ ಹಿಡಿದು ರೆಕ್ಕೆಯನ್ನೇ ಓರೆ ಮಾಡಬೇಕು; ಕೆಳಗೆ ತೂಗುವ ಗಾಡಿಯ ತೂಕ ಯಾವ ಪಕ್ಕಕ್ಕೆ ಸರಿಯುತ್ತೋ ವಿಮಾನ ಆ ಕಡೆ ತಿರುಗುತ್ತೆ. ಈ ಹಿಡಿಕೆಯ ಮೂಲ ಯಾವ ವಿಮಾನ ಕಾರ್ಖಾನೆಯೂ ಅಲ್ಲ. 1963ರಲ್ಲಿ ಆಸ್ಟ್ರೇಲಿಯಾದ ಗ್ರಾಫ್ಟನ್ ಊರಿನ ಜಾನ್ ಡಿಕನ್ಸನ್, ಅಲ್ಲಿನ ವಾಟರ್ ಸ್ಕೀ ಕ್ಲಬ್ಬಿಗೆ ಅಂತ ದೋಣಿ ಎಳೆದೊಯ್ಯುವ ರೆಕ್ಕೆಯೊಂದನ್ನು ಕಟ್ಟಿದಾಗ ರೂಪಿಸಿದ್ದು.

ಅಗ್ಗ, ಸರಳ. ಹೌದು. ಆದರೆ ಮಾಮೂಲಿ ವಿಮಾನದಲ್ಲಿ ಕೋಲು ಎಳೆದರೆ ಮೂಗು ಮೇಲೇಳುತ್ತೆ, ಇಲ್ಲಿ ಪಟ್ಟಿ ಎಳೆದರೆ ಮೂಗು ಕೆಳಗೆ. ಬಲಕ್ಕೆ ಹೋಗಲು ಪಟ್ಟಿಯನ್ನು ಎಡಕ್ಕೆ ತಳ್ಳಬೇಕು. ನೆಲದ ಹತ್ತಿರ ಗಾಬರಿಯಾದರೆ, ಮಾಮೂಲಿ ವಿಮಾನ ಕಲಿತವನ ಕೈ ಹಳೇ ರೂಢಿಯ ಕಡೆಗೇ ಓಡುತ್ತೆ. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಇಲ್ಲಿ ಹಿಡಿತ ಹುಟ್ಟೋದೇ ತೂಗುವ ತೂಕದಿಂದ. ನಮ್ಮ ಬೇಸಿಗೆ ಮಧ್ಯಾಹ್ನದ ಸುಳಿಗಾಳಿಯಂಥದ್ದು ಬಡಿದು ರೆಕ್ಕೆಯ ಮೇಲಿನ ಭಾರ ಒಂದು ಕ್ಷಣ ಇಲ್ಲವಾದರೆ, ಪಟ್ಟಿ ಕೈಯಲ್ಲಿರುತ್ತೆ, ಹಿಡಿತ ಇರಲ್ಲ. ವಿಮಾನ ಪಲ್ಟಿ ಹೊಡೆಯಬಹುದು. ಯೂಟ್ಯೂಬ್ ನೋಡಿ ಪೈಪ್ ಬಗ್ಗಿಸುವವನಿಗೆ ಇದು ಕಾಣಿಸೋದು ಹೇಗೆ?

1934ರ ವಿಮಾನ ಕಾಯ್ದೆಯ ಜಾಗಕ್ಕೆ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ಹಳೇ ಕಾಯ್ದೆ ತಯಾರಿಕೆ, ಮಾರಾಟ, ಬಳಕೆಯ ಬಗ್ಗೆ ಮಾತಾಡುತ್ತಿತ್ತು; ಹೊಸದು 'ವಿನ್ಯಾಸ'ವನ್ನೂ ಹೆಸರಿಸಿ ನಿಯಂತ್ರಣದೊಳಗೆ ತಂದಿದೆ. ತಂದದ್ದು ಸರಿಯೇ. ಆದರೆ ನಿಯಂತ್ರಣ ಅಂದರೆ ಹಾರಿದ ಮೇಲೆ ಪೊಲೀಸರು ಬರೋದು ಅಂತಾದರೆ, ಆ ಪದ ಸೇರಿಸಿ ಏನು ಬಂತು? ದಿಲ್ಲಿಯ ಡಿಜಿಸಿಎ ಕಚೇರಿ ಸಿಂದಗಿಯ ಹುಡುಗನಿಗೆ ಬಲು ದೂರ. ವಿಜಯಪುರದಲ್ಲೇ ಎಂಜಿನಿಯರಿಂಗ್ ಕಾಲೇಜುಗಳಿವೆ. ಅವನು ನಕ್ಷೆ ಹಿಡಿದು ಬಂದಾಗ ಕೂರಿಸಿ, ಇಂಥಲ್ಲಿ ತಪ್ಪಿದೆ ತಮ್ಮಾ ಅಂತ ತೋರಿಸುವವರು ಅಲ್ಲಿ ಸಿಗಬೇಕು. ಅದೂ ಎಂಜಿನ್ ಚಾಲೂ ಆಗುವ ಮೊದಲು.