ಹಲ್ಲಿಲ್ಲವೆಂದು ಸದರ ಬೇಡ

ಹತ್ತನೇ ತರಗತಿಯ ವಿಜ್ಞಾನ ಪುಸ್ತಕದ ಮೊದಲ ಚಟುವಟಿಕೆ ನೆನಪಿದೆಯೇ? ಮೆಗ್ನೀಸಿಯಂ ಪಟ್ಟಿಯನ್ನು ಉರಿಸುವ ಮುನ್ನ ಅದನ್ನು ಮರಳು ಕಾಗದದಿಂದ ಉಜ್ಜಬೇಕು. ಉಪ್ಪು ಕಾಗದ ಎಂದು ಕರೆಯುವುದೂ ಇದನ್ನೇ. ಕೈಯಲ್ಲಿ ಹಿಡಿದು ಉಜ್ಜುವಾಗ ಇದರಿಂದ ಅಪಾಯವೇನೂ ಇಲ್ಲ. ಆದರೆ ಅದೇ ಕಾಗದವನ್ನು ಮೋಟಾರಿಗೆ ಜೋಡಿಸಿದರೆ?

ಹಾಗೆ ಜೋಡಿಸಿದ ಯಂತ್ರವೇ ಬೆಲ್ಟ್ ಅಂಡ್ ಡಿಸ್ಕ್ ಸ್ಯಾಂಡರ್. ಮರಗೆಲಸ ಕಲಿಸುವ ವರ್ಕ್‌ಷಾಪುಗಳಲ್ಲೂ ಪೀಠೋಪಕರಣ ತಯಾರಿಸುವ ಅಂಗಡಿಗಳಲ್ಲೂ ಇದನ್ನು ಕಾಣಬಹುದು. ಮೋಟಾರು ಒಂದೇ, ಕೆಲಸ ಎರಡು. ಒಂದು ಕಡೆ ಎರಡು ಉರುಳೆಗಳ ಮೇಲೆ ಉಜ್ಜುವ ಬೆಲ್ಟು ಓಡುತ್ತದೆ. ಇನ್ನೊಂದು ಕಡೆ ಉಜ್ಜುವ ಕಾಗದ ಅಂಟಿಸಿದ ಲೋಹದ ತಟ್ಟೆ ಗಿರಗಿರನೆ ತಿರುಗುತ್ತದೆ. ಅದರ ಮುಂದೆ ಮರದ ತುಂಡನ್ನು ಇಡಲು ಪುಟ್ಟ ಮೇಜು. ಚಪ್ಪಟೆಯಾದ ಉದ್ದ ಮೈಯನ್ನು ನಯಮಾಡಲು ಬೆಲ್ಟು. ತುದಿಗಳನ್ನು ಸರಿಮಾಡಲು, ಹೊರ ಅಂಚನ್ನು ದುಂಡಾಗಿಸಲು ಡಿಸ್ಕು.

ಗರಗಸದ ಹಲ್ಲು ಕಣ್ಣಿಗೆ ಕಾಣುತ್ತದೆ. ಹೊಸ ವಿದ್ಯಾರ್ಥಿ ಅದನ್ನು ಕಂಡು ತಾನಾಗಿಯೇ ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ. ಇದಕ್ಕೆ ಹಲ್ಲಿಲ್ಲ, ಆದ್ದರಿಂದ ಭಯವೂ ಇಲ್ಲ. ಕೈಗೆ ಪೆಟ್ಟಾಗಲು ಇಷ್ಟೇ ಸಾಕು.

ಒಂದು ಪುಟ್ಟ ಲೆಕ್ಕ

ಡಿಸ್ಕಿನ ಅಡ್ಡಳತೆ 6 ಅಂಗುಲ, ಮೋಟಾರಿನ ವೇಗ ನಿಮಿಷಕ್ಕೆ 2850 ಸುತ್ತು ಎಂದಿಟ್ಟುಕೊಳ್ಳಿ. ಅಂಚಿನಲ್ಲಿರುವ ಒಂದು ಹರಳು ಸುತ್ತಿಗೆ ಸುಮಾರು 48 ಸೆಂ.ಮೀ. ಕ್ರಮಿಸುತ್ತದೆ. ಗುಣಿಸಿ ನೋಡಿದರೆ ಗಂಟೆಗೆ ಸುಮಾರು 82 ಕಿ.ಮೀ. ಹೆದ್ದಾರಿಯಲ್ಲಿ ಓಡುವ ಬಸ್ಸಿನ ವೇಗ! ಅಂಚಿಗೂ ಕೇಂದ್ರಕ್ಕೂ ನಡುವೆ ಈ ವೇಗ ಅರ್ಧವಾಗುತ್ತದೆ. ಸರಿಯಾಗಿ ಕೇಂದ್ರದಲ್ಲಿ ಸೊನ್ನೆ. ಮರವನ್ನು ಒಂದೇ ಕಡೆ ಒತ್ತಿ ಹಿಡಿದರೆ ಅಂಚಿನ ಬಳಿ ಅದು ಸುಟ್ಟು ಕಪ್ಪಾಗುವುದೂ, ನಡುವೆ ಸವೆಯದೇ ಉಳಿಯುವುದೂ ಈ ಕಾರಣಕ್ಕೇ. ತುಂಡನ್ನು ಮೆಲ್ಲಗೆ ಸರಿಸುತ್ತಲೇ ಇರಬೇಕು.

ಯಾವ ಅರ್ಧ?

ಡಿಸ್ಕಿನ ಒಂದು ಅರ್ಧ ಕೆಳಕ್ಕೆ ಇಳಿಯುತ್ತದೆ, ಇನ್ನೊಂದು ಅರ್ಧ ಮೇಲಕ್ಕೆ ಏರುತ್ತದೆ. ಕೆಲಸ ಮಾಡಬೇಕಾದದ್ದು ಇಳಿಯುವ ಕಡೆಯಲ್ಲಿ ಮಾತ್ರ. ಎದುರಿನಿಂದ ನೋಡಿದಾಗ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಡಿಸ್ಕು ತಿರುಗುತ್ತಿದ್ದರೆ ಅದು ಎಡ ಅರ್ಧ. ಅಲ್ಲಿ ಡಿಸ್ಕು ಮರವನ್ನು ಮೇಜಿಗೆ ಅದುಮುತ್ತದೆ. ಏರುವ ಕಡೆಯಲ್ಲಿ ಇಟ್ಟರೆ ಅದೇ ಮರವನ್ನು ಕಿತ್ತೆತ್ತಿ ಮುಖಕ್ಕೆ ಎಸೆಯಬಹುದು.

ಮೇಜಿಗೂ ಡಿಸ್ಕಿಗೂ ನಡುವೆ 1.5 ಮಿ.ಮೀ.ಗಿಂತ ಹೆಚ್ಚು ಸಂದಿ ಇರಬಾರದು. ಸಂದಿ ದೊಡ್ಡದಾದರೆ ತೆಳು ತುಂಡನ್ನೂ ಅದರೊಂದಿಗೆ ಬೆರಳ ತುದಿಯನ್ನೂ ಒಳಗೆ ಎಳೆದುಕೊಳ್ಳುತ್ತದೆ. ಬೆಲ್ಟಿನ ಮೇಲೆ ಕೆಲಸ ಮಾಡುವಾಗ ಮರದ ತುದಿ ತಡೆಪಟ್ಟಿಗೆ ತಾಗಿರಬೇಕು. ಬೆರಳಲ್ಲಿ ಭದ್ರವಾಗಿ ಹಿಡಿಯಲಾಗದಷ್ಟು ಚಿಕ್ಕ ತುಂಡನ್ನು ಕೈಯಲ್ಲಿ ಹಿಡಿದು ಉಜ್ಜುವ ಸಾಹಸ ಬೇಡವೇ ಬೇಡ.

ಕೈಗವಸು ಹಾಕಿಕೊಂಡರೆ ಒಳ್ಳೆಯದಲ್ಲವೇ ಎಂದು ತಂದೆತಾಯಿಯರು ಕೇಳಬಹುದು. ಇಲ್ಲಿ ಅದೇ ಅಪಾಯ! ಗವಸಿನ ತುದಿ ಸಿಕ್ಕಿಕೊಂಡರೆ ಕೈಯೂ ಅದರ ಹಿಂದೆಯೇ ಹೋಗುತ್ತದೆ. ದುಪಟ್ಟಾ, ಸಡಿಲ ತೋಳು, ಬಳೆ, ಕೈಗಡಿಯಾರ, ಬಿಟ್ಟ ಕೂದಲು ಎಲ್ಲಕ್ಕೂ ಇದೇ ಮಾತು. ಕಣ್ಣಿಗೆ ಮಾತ್ರ ಕನ್ನಡಕ ಕಡ್ಡಾಯ.

ಯಂತ್ರದ ಆರೈಕೆ

ಬೆಲ್ಟು ಬದಲಿಸುವ ಮೊದಲು ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು. ಬೆಲ್ಟಿನ ಒಳಮೈಯಲ್ಲಿ ಬಾಣದ ಗುರುತಿದ್ದರೆ ಅದು ಯಂತ್ರ ಓಡುವ ದಿಕ್ಕಿಗೆ ಹೊಂದಬೇಕು. ಬಿಗಿ ಮಾಡಿದ ಮೇಲೆ ಮೊದಲು ಕೈಯಿಂದ ತಿರುಗಿಸಿ ನೋಡಿ. ಬೆಲ್ಟು ಒಂದು ಪಕ್ಕಕ್ಕೆ ಸರಿಯುತ್ತಿದ್ದರೆ ಹೊಂದಿಸುವ ತಿರುಪನ್ನು ಚೂರುಚೂರೇ ತಿರುಗಿಸಿ ನಡುವಿಗೆ ತನ್ನಿ. ಹಾಗೇ ಬಿಟ್ಟರೆ ಅಂಚು ಯಂತ್ರದ ಮೈಗೆ ಉಜ್ಜಿ ಹರಿಯುತ್ತದೆ.

ಕಾಗದದ ಮೇಲಿನ ಸಂಖ್ಯೆ ಹೆಚ್ಚಿದಷ್ಟೂ ಹರಳು ಸಣ್ಣದು. 60 ಒರಟು, 120 ನಯ. 60ರಿಂದ ನೇರವಾಗಿ 180ಕ್ಕೆ ಹಾರಿದರೆ ಉಳಿದ ಗೀರುಗಳು ಪಾಲಿಶ್ ಹಚ್ಚಿದ ಮೇಲೆ ಎದ್ದು ಕಾಣುತ್ತವೆ. ಅಂಟು ಒಸರುವ ಮರವನ್ನು ಉಜ್ಜಿದಾಗ ಹರಳುಗಳ ನಡುವೆ ಪುಡಿ ತುಂಬಿಕೊಳ್ಳುತ್ತದೆ. ಆಗ ಜೋರಾಗಿ ಒತ್ತುವುದು ಎಲ್ಲರೂ ಮಾಡುವ ತಪ್ಪು. ಒತ್ತಿದಷ್ಟೂ ಬಿಸಿ, ಬಿಸಿಯಾದಷ್ಟೂ ಅಂಟು. ಓಡುವ ಬೆಲ್ಟಿಗೆ ಕ್ರೇಪ್ ರಬ್ಬರಿನ ಉದ್ದನೆಯ ತುಂಡನ್ನು ಹಗುರವಾಗಿ ಹಿಡಿದರೆ ಪುಡಿ ಕಿತ್ತುಬರುತ್ತದೆ. ಹರಳೇ ಸವೆದಿದ್ದರೆ ಬೆಲ್ಟು ಬದಲಿಸಬೇಕು, ಬೇರೆ ದಾರಿಯಿಲ್ಲ. ಹೊಸ ಬೆಲ್ಟುಗಳನ್ನು ಮಡಚದೆ, ತೇವ ತಾಗದ ಕಡೆ ದುಂಡಗೆ ತೂಗುಹಾಕಿಡಿ. ಡಿಸ್ಕಿಗೆ ಹೊಸ ಕಾಗದ ಅಂಟಿಸುವಾಗ ಹಳೆಯ ಅಂಟನ್ನು ಪೂರ್ತಿ ಒರೆಸಿ ತೆಗೆಯಿರಿ.

ಮರ ಉಜ್ಜುವ ಯಂತ್ರದಲ್ಲಿ ಕಬ್ಬಿಣ ಉಜ್ಜಬೇಡಿ. ಪುಡಿಚೀಲಕ್ಕೆ ಬಿದ್ದ ಒಂದು ಕಿಡಿ ಒಳಗೊಳಗೇ ಕನಲಿ, ಎಲ್ಲರೂ ಮನೆಗೆ ಹೋದ ಮೇಲೆ ಬೆಂಕಿಯಾಗಬಹುದು.

ಕಾಣದ ಶತ್ರು

ಬೆರಳಿನ ಗಾಯ ಕೂಡಲೇ ತಿಳಿಯುತ್ತದೆ. ಪುಡಿಯ ಕೆಡುಕು ತಿಳಿಯಲು ವರ್ಷಗಳೇ ಬೇಕು. ಇಂಗ್ಲೆಂಡಿನ ಹೈ ವಿಕಂಬ್ ಕುರ್ಚಿ, ಮೇಜುಗಳ ತಯಾರಿಕೆಗೆ ಹೆಸರಾದ ಊರು. ಅಲ್ಲಿನ ಕೆಲಸಗಾರರಲ್ಲಿ ಮೂಗಿನೊಳಗಿನ ಅಪರೂಪದ ಕ್ಯಾನ್ಸರ್ ಹೆಚ್ಚಾಗಿರುವುದನ್ನು 1960ರ ದಶಕದಲ್ಲಿ ವೈದ್ಯರು ಗುರುತಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1995ರಲ್ಲಿ ಪ್ರಕಟಿಸಿದ ವರದಿಯಲ್ಲಿ ಮರದ ಪುಡಿಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ಒಂದು ದಿನದ ಕೆಲಸಕ್ಕೆ ಬೆದರಬೇಕಾಗಿಲ್ಲ. ಆದರೆ ಇದನ್ನೇ ಕಸುಬಾಗಿಸಿಕೊಳ್ಳುವ ಹುಡುಗ ಮೂವತ್ತು ವರ್ಷ ಉಸಿರಾಡಬೇಕಾದದ್ದು ಇದೇ ಗಾಳಿಯನ್ನು. ಮೂಗಿಗೆ ಕಟ್ಟಿದ ಕರವಸ್ತ್ರ ಸಣ್ಣ ಪುಡಿಯನ್ನು ತಡೆಯದು. ಕೊರೋನಾ ಕಾಲದಲ್ಲಿ ಪರಿಚಯವಾದ ಎನ್-95 ಮುಖಗವಸು ಇಲ್ಲಿಯೂ ಬೇಕು. ಅದಕ್ಕಿಂತ ಮುಖ್ಯವಾದದ್ದು ಪುಡಿಯನ್ನು ಹುಟ್ಟಿದಲ್ಲೇ ಎಳೆದುಕೊಳ್ಳುವ ಕೊಳವೆ.

ಮಗನನ್ನೋ ಮಗಳನ್ನೋ ಇಂಥ ತರಬೇತಿಗೆ ಸೇರಿಸುವ ತಂದೆತಾಯಿಯರು ಫೀಸಿನ ಜೊತೆಗೆ ಇದನ್ನೂ ವಿಚಾರಿಸಲಿ: ಯಂತ್ರಕ್ಕೆ ಪುಡಿ ಎಳೆಯುವ ಕೊಳವೆ ಇದೆಯೇ? ಕನ್ನಡಕ ಕೊಡುತ್ತಾರೆಯೇ? ಮೊದಲ ದಿನ ಗುರುಗಳು ಪಕ್ಕದಲ್ಲಿ ನಿಲ್ಲುತ್ತಾರೆಯೇ?

ವಿದ್ಯಾರ್ಥಿಗಳಿಗೆ ಕೊನೆಯದಾಗಿ ಒಂದು ಮಾತು. ಸ್ವಿಚ್ಚು ಆರಿಸಿದ ಮೇಲೂ ಡಿಸ್ಕು ಸ್ವಲ್ಪ ಹೊತ್ತು ಸದ್ದಿಲ್ಲದೆ ಸುತ್ತುತ್ತಲೇ ಇರುತ್ತದೆ. ಅದು ಪೂರ್ತಿ ನಿಲ್ಲುವವರೆಗೆ ಅಲ್ಲೇ ನಿಂತು ನೋಡಿ, ಆಮೇಲೆ ಬೆನ್ನು ತಿರುಗಿಸಿ. ಒಳ್ಳೆಯ ಕೆಲಸಗಾರನ ಗುರುತು ಅಲ್ಲಿಂದಲೇ ಶುರು.