ಅಂಗಡಿಯ ಲೆಕ್ಕಕ್ಕೆ ಯಾವ ಮುಕ್ತ ತಂತ್ರಾಂಶ?

2025ರ ಜುಲೈನಲ್ಲಿ ಬೆಂಗಳೂರಿನ ಸಣ್ಣ ಅಂಗಡಿಗಳ ಗಲ್ಲಾದ ಮುಂದಿದ್ದ ಕ್ಯೂಆರ್ ಕೋಡ್ ಚೀಟಿಗಳು ಒಂದೊಂದಾಗಿ ಮಾಯವಾದವು. ಅವುಗಳ ಜಾಗದಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಕೈಬರಹದ ಬೋರ್ಡುಗಳು ಬಂದವು. ಕಾರಣ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸು. 2021-22ರಿಂದ ಯುಪಿಐ ಮೂಲಕ ಬಂದ ಹಣವನ್ನೆಲ್ಲ ಕೂಡಿಸಿ, ವರ್ಷಕ್ಕೆ 40 ಲಕ್ಷ ದಾಟಿದವರನ್ನು ‘ಜಿಎಸ್‌ಟಿ ನೋಂದಣಿ ಯಾಕೆ ಮಾಡಿಸಿಲ್ಲ’ ಎಂದು ಇಲಾಖೆ ಕೇಳಿತ್ತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಸುಮಾರು 29 ಲಕ್ಷ ರೂಪಾಯಿಯ ನೋಟಿಸು ಬಂದದ್ದು ನಾಡಿಗೆಲ್ಲ ಸುದ್ದಿಯಾಯಿತು. ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ಕರೆದು, ಹಳೆಯ ಬಾಕಿಗೆ ಒತ್ತಾಯಿಸುವುದಿಲ್ಲ, ನೋಂದಣಿ ಮಾಡಿಸಿಕೊಳ್ಳಿ ಎಂದ ಮೇಲೆ ಗದ್ದಲ ಇಳಿಯಿತು.

ಗದ್ದಲವೇನೋ ಇಳಿಯಿತು, ಪ್ರಶ್ನೆ ಹಾಗೇ ಉಳಿಯಿತು. ಗಾಂಧಿಬಜಾರಿನ ಒಂದು ಪೂಜಾ ಸಾಮಗ್ರಿ ಅಂಗಡಿಯನ್ನೇ ತೆಗೆದುಕೊಳ್ಳಿ. ಹೂವು, ವೀಳ್ಯದೆಲೆ, ತೆಂಗಿನಕಾಯಿಗೆ ಜಿಎಸ್‌ಟಿ ಇಲ್ಲ. ಅದೇ ಕಟ್ಟೆಯ ಮೇಲಿನ ಊದುಬತ್ತಿಗೆ ಇದೆ. ಗಿರಾಕಿ ಎಲ್ಲಕ್ಕೂ ಸೇರಿಸಿ ಒಂದೇ ಸಲ ಸ್ಕ್ಯಾನ್ ಮಾಡುತ್ತಾರೆ. ಬ್ಯಾಂಕಿಗೆ ಕಾಣುವುದು ಆ ಒಟ್ಟು ಮೊತ್ತ ಮಾತ್ರ. ತೆರಿಗೆಯಿಲ್ಲದ ಮಾಲನ್ನಷ್ಟೇ ಮಾರುವವರಿಗೆ ನೋಂದಣಿ ಬೇಕಿಲ್ಲ, ನಿಜ. ಆದರೆ ತೆರಿಗೆಯಿರುವ ಮಾಲು ಜೊತೆಗೂಡಿದರೆ, ಹೂವಿನ ವ್ಯಾಪಾರವೂ ಆ 40 ಲಕ್ಷದ ಲೆಕ್ಕಕ್ಕೆ ಸೇರುತ್ತದೆ. ಇದರಲ್ಲಿ ಯಾವುದು ಎಷ್ಟು ಎಂದು ಹೇಳಬಲ್ಲದ್ದು ನಿಮ್ಮ ಲೆಕ್ಕದ ಪುಸ್ತಕ ಒಂದೇ. ಆ ಪುಸ್ತಕ ಈಗ ಕಂಪ್ಯೂಟರಿನಲ್ಲಿರುವುದು ಅನುಕೂಲ. ಹಾಗಾದರೆ ಯಾವ ತಂತ್ರಾಂಶ?

ಬೆಂಗಳೂರಿನಲ್ಲಿ ಈ ಪ್ರಶ್ನೆ ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ‘ಟ್ಯಾಲಿ’ ಎನ್ನುತ್ತಾರೆ. ಅದು ಸಹಜವೇ. ಟ್ಯಾಲಿ ಈ ಊರಿನದೇ ಸರಕು. 1986ರಲ್ಲಿ ಶ್ಯಾಮಸುಂದರ್ ಗೋಯೆಂಕಾ ಅವರು ತಮ್ಮ ವ್ಯಾಪಾರದ ಲೆಕ್ಕಕ್ಕೆ ಹೊಂದುವ ತಂತ್ರಾಂಶ ಸಿಗದೆ, ಮಗ ಭರತ್ ಗೋಯೆಂಕಾ ಅವರಿಂದ ಬರೆಸಿದ್ದು ಅದರ ಆರಂಭ. ಒಳ್ಳೆಯ ತಂತ್ರಾಂಶ, ಆಡಿಟರುಗಳಿಗೆಲ್ಲ ಪರಿಚಿತ. ಆದರೆ ಅದರ ಒಳಗಿನ ಕೋಡ್ ಕಂಪನಿಯ ಸ್ವತ್ತು, ಬಳಕೆಗೆ ಪರವಾನಗಿ ಕೊಳ್ಳಬೇಕು. ಸಣ್ಣವರಲ್ಲಿ ಅನೇಕರು ಕದ್ದ ಪ್ರತಿ ಹಾಕಿಕೊಂಡು ದಿನ ದೂಡುತ್ತಾರೆ. ಇದು ಕಾನೂನಿಗೆ ವಿರುದ್ಧ. ಸಾಲದೆಂಬಂತೆ, ಯಾರೋ ಬೀಗ ಮುರಿದು ಕೊಟ್ಟ ತಂತ್ರಾಂಶದಲ್ಲಿ ನಿಮ್ಮ ಇಡೀ ವ್ಯವಹಾರ ಕೂತಿರುತ್ತದೆ. ಅಂಥವರು ಇಂದೇ ಬದಲಾಗಬೇಕು. ಅವರಿಗೆ ಮುಕ್ತ ತಂತ್ರಾಂಶ ನೇರವಾದ, ಮರ್ಯಾದೆಯ ದಾರಿ.

ಮುಕ್ತ ಎಂದರೆ ಪುಕ್ಕಟೆ ಎಂದಷ್ಟೇ ತಿಳಿಯಬೇಡಿ. ಹಣ ಕೇಳದ, ಆದರೆ ಕೋಡ್ ಮುಚ್ಚಿಟ್ಟ ತಂತ್ರಾಂಶಗಳೂ ಬೇಕಾದಷ್ಟಿವೆ. ಒಂದೂವರೆ ಕೋಟಿಯೊಳಗಿನ ವಹಿವಾಟಿನವರಿಗೆಂದು 2019ರಲ್ಲಿ ಜಿಎಸ್‌ಟಿ ಜಾಲವೇ ಕೆಲವು ಕಂಪನಿಗಳ ಬಿಲ್ಲಿಂಗ್ ತಂತ್ರಾಂಶವನ್ನು ಉಚಿತವಾಗಿ ಕೊಡಿಸಿತು. ಅವು ಉಚಿತ, ಮುಕ್ತ ಅಲ್ಲ. ಮುಕ್ತ ತಂತ್ರಾಂಶದಲ್ಲಿ ಕೋಡ್ ಎಲ್ಲರ ಕಣ್ಣಿಗೂ ತೆರೆದಿರುತ್ತದೆ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಕೋಡ್ ಓದಲು ಬಾರದ ಅಂಗಡಿಯವರಿಗೆ ಇದರಿಂದೇನು ಲಾಭ? ಲಾಭವಿದೆ. ಇವತ್ತು ನಿಮಗೆ ಸೇವೆ ಕೊಡುವವರು ನಾಳೆ ಅಂಗಡಿ ಮುಚ್ಚಿದರೆ ಅಥವಾ ದರ ಮೂರುಪಟ್ಟು ಮಾಡಿದರೆ, ಅದೇ ತಂತ್ರಾಂಶಕ್ಕೆ ಇನ್ನೊಬ್ಬರನ್ನು ಕರೆಯಬಹುದು. ಪುಸ್ತಕ ನಿಮ್ಮ ಬಳಿಯೇ ಇರುತ್ತದೆ. ಜಿಎಸ್‌ಟಿ ಕಾನೂನಿನ ಪ್ರಕಾರ ಒಂದು ವರ್ಷದ ದಾಖಲೆಯನ್ನು ಆ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಇಡಬೇಕು. ಅಷ್ಟು ವರ್ಷಗಳ ನಂತರವೂ ಆ ಪುಸ್ತಕ ತೆರೆದುಕೊಳ್ಳಬೇಕಲ್ಲ! ನನ್ನ ಮಟ್ಟಿಗೆ ತಂತ್ರಾಂಶ ಆರಿಸುವಾಗ ಬೆಲೆಗಿಂತ ದೊಡ್ಡ ಪ್ರಶ್ನೆ ಇದು.

ಈಗ ಹೆಸರುಗಳಿಗೆ ಬರೋಣ. ಹೆಸರುಗಳು ಬಹಳ ಇವೆ, ನಮ್ಮ ಬಡಾವಣೆಗಳ ವ್ಯಾಪಾರಕ್ಕೆ ನಿಜವಾಗಿ ಹೊಂದುವವು ಮೂರು.

ಮೊದಲನೆಯದು ಜಿಎನ್‌ಯುಕ್ಯಾಶ್. 1998ರಿಂದ ಇರುವ ಹಳೆಯ ಕೈ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ, ಹಳೆಯ ಕಂಪ್ಯೂಟರ್ ಸಾಕು, ಇಂಟರ್ನೆಟ್ ಬೇಡ. ಕಿರ್ದಿ-ಖಾತೆ ಪದ್ಧತಿ ಬಲ್ಲ ಹಿರಿಯ ಗುಮಾಸ್ತರಿಗೆ ಇದರ ಜಮಾ-ಖರ್ಚು ತಕ್ಷಣ ಅರ್ಥವಾಗುತ್ತದೆ, ಕನ್ನಡ ಅನುವಾದವೂ ಇದೆ. ಆದರೆ ಸ್ಟಾಕ್ ಲೆಕ್ಕ ಇಲ್ಲ, ಒಮ್ಮೆಗೆ ಒಬ್ಬರು ಮಾತ್ರ ಬರೆಯಬಹುದು, ಜಿಎಸ್‌ಟಿ ರಿಟರ್ನನ್ನು ಅದು ತಾನಾಗಿ ತಯಾರಿಸುವುದಿಲ್ಲ. ವಿವರವನ್ನು ತೆಗೆದು ಎಕ್ಸೆಲ್‌ಗೆ ಹಾಕಿ, ಜಿಎಸ್‌ಟಿ ಪೋರ್ಟಲಿನ ಆಫ್‌ಲೈನ್ ಸಾಧನದಲ್ಲಿ ಸೇರಿಸಬೇಕು. ತಿಂಗಳಿಗೆ ಮೂವತ್ತು-ನಲವತ್ತು ಬಿಲ್ ಬರೆಯುವ ಆರ್ಕಿಟೆಕ್ಟ್, ಟ್ಯೂಷನ್ ಕೇಂದ್ರ, ಡಿಟಿಪಿ ಕೆಲಸದವರಿಗೆ ಇದು ಚೆನ್ನ. ಮಲ್ಲೇಶ್ವರದ ಎಂಟನೇ ಕ್ರಾಸಿನ ಬಟ್ಟೆ ಅಂಗಡಿಗೆ ಬೇಡ.

ಎರಡನೆಯದು ಫ್ರಾಪೆ ಬುಕ್ಸ್. ಮುಂಬೈನ ಫ್ರಾಪೆ ಸಂಸ್ಥೆಯದು. ಇದೂ ನಿಮ್ಮ ಕಂಪ್ಯೂಟರಿನಲ್ಲೇ, ಇಂಟರ್ನೆಟ್ ಇಲ್ಲದೆ ನಡೆಯುತ್ತದೆ. ರಸ್ತೆ ಅಗೆದಾಗಲೆಲ್ಲ ಕೇಬಲ್ ಕಡಿಯುವ ನಮ್ಮ ಊರಿನಲ್ಲಿ ಇದು ಸಣ್ಣ ಗುಣವಲ್ಲ. ಬಿಲ್ ನೋಡಲು ಅಚ್ಚುಕಟ್ಟು, ಭಾರತದ ಜಿಎಸ್‌ಟಿ ದರಗಳು ಮೊದಲೇ ಒಳಗಿವೆ, ಸ್ಟಾಕ್ ಲೆಕ್ಕವೂ ತಕ್ಕಮಟ್ಟಿಗೆ ಇದೆ. ಒಂದೇ ಗಲ್ಲಾ, ಒಬ್ಬರೇ ಬಿಲ್ ಹಾಕುವವರು ಇರುವ ಕಾಂಡಿಮೆಂಟ್ಸ್ ಅಂಗಡಿ, ಪುಸ್ತಕದಂಗಡಿಯವರು ಮೊದಲು ನೋಡಬೇಕಾದದ್ದು ಇದನ್ನೇ.

ಮೂರನೆಯದು ಅದೇ ಸಂಸ್ಥೆಯ ಇಆರ್‌ಪಿನೆಕ್ಸ್ಟ್. ಖರೀದಿ, ಮಾರಾಟ, ಗೋದಾಮು ಎಲ್ಲ ಒಂದೇ ಕಡೆ. ನಮ್ಮ ಬೆಂಗಳೂರಿನ ಷೇರು ವಹಿವಾಟು ಸಂಸ್ಥೆ ಜೆರೋಧ ಇದನ್ನು ಬಳಸುತ್ತದೆ ಎಂದರೆ ಇದರ ತಾಕತ್ತು ಗೊತ್ತಾಗುತ್ತದೆ. ‘ಇಂಡಿಯಾ ಕಂಪ್ಲಯನ್ಸ್’ ಎಂಬ ಜೋಡಣೆ ಹಾಕಿಕೊಂಡರೆ ಜಿಎಸ್‌ಟಿಆರ್-1, ಇ-ವೇ ಬಿಲ್, ಇ-ಇನ್‌ವಾಯ್ಸ್ ಎಲ್ಲ ಒಳಗಿನಿಂದಲೇ ಆಗುತ್ತವೆ. ಪೋರ್ಟಲ್ ಜೊತೆ ನೇರ ಸಂಪರ್ಕದ ಸೇವೆಗೆ ಬೇರೆ ಶುಲ್ಕವಿದೆ. ಲಿನಕ್ಸ್ ಸರ್ವರ್ ಬೇಕು, ಅದನ್ನು ನೋಡಿಕೊಳ್ಳುವ ಒಬ್ಬ ಮನುಷ್ಯ ಬೇಕು, ಇಲ್ಲವೇ ತಿಂಗಳ ಬಾಡಿಗೆಗೆ ಹೋಸ್ಟಿಂಗ್ ಪಡೆಯಬೇಕು. ಚಾಮರಾಜಪೇಟೆಯಲ್ಲಿ ಮುದ್ರಣಾಲಯ ಇಟ್ಟುಕೊಂಡು, ಕಾಗದದ ಸ್ಟಾಕು, ಜಾಬ್ ವರ್ಕ್, ಹತ್ತು ಜನ ಕೆಲಸಗಾರರನ್ನು ನಿಭಾಯಿಸುವವರಿಗೆ ಇದು ಸರಿ. ಗಂಡ-ಹೆಂಡತಿ ನಡೆಸುವ ಅಂಗಡಿಗೆ ಇದು ಹೊರೆ.

ಒಡೂ ಎಂಬ ಬೆಲ್ಜಿಯಂನ ತಂತ್ರಾಂಶವನ್ನೂ ಕೆಲವರು ಹೇಳುತ್ತಾರೆ. ಅದರ ಮುಕ್ತ ಆವೃತ್ತಿಯಲ್ಲಿ ಬಿಲ್ ಹಾಕುವುದಷ್ಟೇ ಇದೆ, ಪೂರ್ಣ ಲೆಕ್ಕಪತ್ರ ಹಣ ಕೊಡುವವರ ಆವೃತ್ತಿಯಲ್ಲಿ. ಭಾರತದಲ್ಲೇ ಹುಟ್ಟಿದ ಜಿಎನ್‌ಯುಖಾತಾ ಕೂಡ ಇದೆ. ಯಾವುದೇ ಮುಕ್ತ ತಂತ್ರಾಂಶವಿರಲಿ, ಕಳೆದ ಒಂದು ವರ್ಷದಲ್ಲಿ ಹೊಸ ಆವೃತ್ತಿ ಬಂದಿದೆಯೇ ಎಂದು ಅದರ ತಾಣದಲ್ಲಿ ನೋಡಿ. ಬಂದಿಲ್ಲವಾದರೆ ಮುಂದೆ ಹೋಗಿ, ತೆರಿಗೆ ನಿಯಮ ನಿಮಗಾಗಿ ಕಾಯುವುದಿಲ್ಲ.

ಜಾಹೀರಾತು, ವಿಡಿಯೊ ನೋಡಿ ತೀರ್ಮಾನಿಸಬೇಡಿ, ನಿಮ್ಮದೇ ಒಂದು ಬಿಲ್ ಹಾಕಿ ನೋಡಿ. ಮದುವೆ ಮನೆಯೊಂದಕ್ಕೆ ಚಕ್ಕುಲಿ, ಕೋಡುಬಳೆ 8,000 ರೂಪಾಯಿಯ ಆರ್ಡರ್ ಎನ್ನಿ. ತೆರಿಗೆ ಶೇ 5. ಗಿರಾಕಿ ಮಲ್ಲೇಶ್ವರದವರಾದರೆ ಕೇಂದ್ರದ ಪಾಲು 200, ರಾಜ್ಯದ ಪಾಲು 200, ಬಿಲ್ 8,400. ಮುಂಗಡವಾಗಿ ಯುಪಿಐನಲ್ಲಿ 3,000 ಬಂದಿದೆ, ಬಾಕಿ 5,400. ಮಾರನೆ ದಿನ 2,000 ರೂಪಾಯಿಯ ಮಾಲು ವಾಪಸ್ ಬಂತು. ಈಗ ಕ್ರೆಡಿಟ್ ನೋಟ್ ಬರೆಯಬೇಕು, ತೆರಿಗೆ ಸೇರಿ 2,100. ಬಾಕಿ 3,300ಕ್ಕೆ ಇಳಿಯಬೇಕು. ತಂತ್ರಾಂಶ ಈ 3,300ನ್ನು ಗಿರಾಕಿಯ ಖಾತೆಯಲ್ಲಿ ತಾನಾಗಿ ತೋರಿಸುತ್ತದೆಯೇ? ಅದೇ ಮಾಲನ್ನು ಹೊಸೂರಿಗೆ ಕಳಿಸಿದರೆ ಅದು ತಮಿಳುನಾಡು. ಆಗ ಎರಡು ಪಾಲು ಹೋಗಿ ಐಜಿಎಸ್‌ಟಿ ಎಂಬ ಒಂದೇ ಸಾಲಿನಲ್ಲಿ 400 ಬರಬೇಕು. ವಿಳಾಸದ ರಾಜ್ಯ ಬದಲಿಸಿದ ಕೂಡಲೇ ಬಿಲ್ ತಾನಾಗಿ ಬದಲಾಯಿತೇ, ನೀವೇ ಕೈಯಾರೆ ಬದಲಿಸಬೇಕೇ? ಕೈಯಾರೆ ಎಂದಾದರೆ ಹಬ್ಬದ ನೂಕುನುಗ್ಗಲಲ್ಲಿ ಒಂದಲ್ಲ ಒಂದು ದಿನ ಅದು ತಪ್ಪುತ್ತದೆ.

ಹಾಗೇ ಮೊತ್ತ 1,00,000 ಎಂದು ಅಚ್ಚಾಗುತ್ತದೆಯೋ 100,000 ಎಂದೋ ನೋಡಿ. ಬಿಲ್ ಸಂಖ್ಯೆ ಒಂದರ ಹಿಂದೊಂದು ಬರಬೇಕು, 16 ಅಕ್ಷರ ಮೀರಬಾರದು, ಒಂದೇ ಹಣಕಾಸು ವರ್ಷದಲ್ಲಿ ಎರಡು ಸಲ ಬರಬಾರದು. ನಡುವಿನ ಒಂದು ಬಿಲ್ ಅಳಿಸಲು ಪ್ರಯತ್ನಿಸಿ. ಸದ್ದಿಲ್ಲದೆ ಅಳಿಸಿಬಿಟ್ಟರೆ ಅದು ದೋಷ. ನೀವು ಕಾಂಪೊಸಿಷನ್ ಯೋಜನೆಯಲ್ಲಿದ್ದರೆ ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ, ಆಗ ತೆರಿಗೆ ಸಾಲು ಇಲ್ಲದ ‘ಬಿಲ್ ಆಫ್ ಸಪ್ಲೈ’ ಬರಬೇಕು.

ದರ ಬದಲಾವಣೆಯ ಪರೀಕ್ಷೆ ಇನ್ನೂ ಮುಖ್ಯ. 2025ರ ಸೆಪ್ಟೆಂಬರ್ 22ರಿಂದ ಕೇಕು, ಬಿಸ್ಕತ್ತಿನ ತೆರಿಗೆ ಶೇ 18ರಿಂದ ಶೇ 5ಕ್ಕೆ ಇಳಿಯಿತು. ಬ್ರೆಡ್ಡಿಗೆ ಮೊದಲೂ ಇರಲಿಲ್ಲ, ಈಗಲೂ ಇಲ್ಲ. ಒಂದು ಅಯ್ಯಂಗಾರ್ ಬೇಕರಿಯ ಮಾಲೀಕರು ಅಂದು ಬೆಳಗ್ಗೆ ಹೊಸ ದರದಲ್ಲಿ ಬಿಲ್ ಹಾಕಬೇಕಿತ್ತು, ಆದರೆ ಸೆಪ್ಟೆಂಬರ್ 20ರ ಬಿಲ್ಲಿನ ಮೇಲೆ ಮಾಲು ವಾಪಸ್ ಬಂದರೆ ಕ್ರೆಡಿಟ್ ನೋಟಿನಲ್ಲಿ ಹಳೆಯ ಶೇ 18 ಇರಬೇಕಿತ್ತು. ಹೊಸ ದರ ಹಾಕಿದಾಗ ಹಳೆಯ ಬಿಲ್‌ಗಳೂ ಬದಲಾಗಿಬಿಡುವ ತಂತ್ರಾಂಶ ನಿಮಗೆ ಬೇಡವೇ ಬೇಡ. ದರದ ಪಟ್ಟಿಯನ್ನು ನೀವೇ ತಿದ್ದಿಕೊಳ್ಳಬಹುದಾದ ತಂತ್ರಾಂಶದಲ್ಲಿ ಕಂಪನಿಯ ಅಪ್‌ಡೇಟಿಗೆ ಕಾಯುವ ಪಾಡಿಲ್ಲ.

ವ್ಯಾಪಾರ ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಇನ್ನೊಂದು ಕಟ್ಟುಪಾಡಿದೆ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು, ಅಂದರೆ ಏನು, ಯಾವಾಗ ಬದಲಾಯಿತೆಂಬುದು ದಾಖಲಾಗಬೇಕು, ಆ ದಾಖಲಾತಿಯನ್ನು ನಿಲ್ಲಿಸಲು ಆಗಬಾರದು. ಆಡಿಟರ್ ಇದನ್ನು ತಮ್ಮ ವರದಿಯಲ್ಲಿ ಹೇಳಲೇಬೇಕು. ಜಿಎನ್‌ಯುಕ್ಯಾಶ್‌ನಲ್ಲಿ ಖಾತೆಗೆ ಹೋದ ಬಿಲ್ಲನ್ನೂ ಹಿಂದೆ ತೆಗೆದು ತಿದ್ದಬಹುದು, ಹಾಗಾಗಿ ಕಂಪನಿಗಳಿಗೆ ಅದು ಸಲ್ಲದು. ಇಆರ್‌ಪಿನೆಕ್ಸ್ಟ್‌ನಲ್ಲಿ ಒಪ್ಪಿಸಿದ ಬಿಲ್ಲನ್ನು ತಿದ್ದಲಾಗದು, ರದ್ದು ಮಾಡಿ ಹೊಸದು ಬರೆಯಬೇಕು, ಎರಡೂ ಕಾಣುತ್ತವೆ. ಈ ಜಾಡಿನ ಏರ್ಪಾಡು ಇಂಡಿಯಾ ಕಂಪ್ಲಯನ್ಸ್‌ನಲ್ಲಿದೆ. ಏಕಮಾಲೀಕತ್ವದ, ಪಾಲುದಾರಿಕೆಯ ಅಂಗಡಿಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಆದರೂ ಗಲ್ಲಾದಲ್ಲಿ ಮನೆಯವರಲ್ಲದವರು ಕೂರುವ ಕಡೆ ಜಾಡು ಇದ್ದರೆ ಒಳ್ಳೆಯದು.

ಬ್ಯಾಕಪ್ ವಿಷಯದಲ್ಲಿ ಮುಕ್ತ ತಂತ್ರಾಂಶ ನಿಮ್ಮಿಂದ ಹೆಚ್ಚು ಶಿಸ್ತು ಬೇಡುತ್ತದೆ, ಏಕೆಂದರೆ ಕಂಪನಿಯ ಕಡೆಯಿಂದ ಯಾರೂ ನೆನಪಿಸುವುದಿಲ್ಲ. ಜಿಎನ್‌ಯುಕ್ಯಾಶ್, ಫ್ರಾಪೆ ಬುಕ್ಸ್ ಎರಡರಲ್ಲೂ ಪೂರ್ತಿ ಲೆಕ್ಕವನ್ನು ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಬಹುದು. ಸಂಜೆ ಅಂಗಡಿ ಮುಚ್ಚುವ ಮುನ್ನ ಪೆನ್‌ಡ್ರೈವ್‌ಗೆ ಹಾಕಿ, ಆ ಪೆನ್‌ಡ್ರೈವ್ ಮನೆಗೆ ಹೋಗಲಿ. ತಿಂಗಳಿಗೊಮ್ಮೆ ಮನೆಯ ಕಂಪ್ಯೂಟರಿನಲ್ಲಿ ಆ ಫೈಲ್ ತೆರೆದು, ತಾಳೆಪಟ್ಟಿಯ ಒಟ್ಟು ಮೊತ್ತ ಅಂಗಡಿಯದಕ್ಕೆ ಸರಿಹೊಂದುತ್ತದೆಯೇ ನೋಡಿ. ಹೆಚ್ಚಿನವರು ಕಾಪಿ ತೆಗೆಯುತ್ತಾರೆ, ತೆರೆದು ನೋಡುವುದಿಲ್ಲ. ಡಿಸ್ಕ್ ಹೋದ ದಿನ ಅದು ಖಾಲಿ ಫೈಲ್ ಎಂದು ಗೊತ್ತಾದರೆ ಮಾಡುವುದೇನು?

ಬದಲಾವಣೆಗೆ ಕಾಲವೂ ಕೂಡಿಬರಬೇಕು. ದೀಪಾವಳಿಯಲ್ಲಿ ಲಕ್ಷ್ಮೀಪೂಜೆ ಮಾಡಿ ಹೊಸ ಪುಸ್ತಕಕ್ಕೆ ಅರಿಶಿನ-ಕುಂಕುಮ ಇಡುವ ಮನೆಗಳು ಈಗಲೂ ಇವೆ. ಪೂಜೆ ಆಗ ಆಗಲಿ, ತಂತ್ರಾಂಶ ಮಾತ್ರ ಏಪ್ರಿಲ್ 1ಕ್ಕೆ ಬದಲಾಗಲಿ. ವರ್ಷದ ನಡುವೆ ಬದಲಿಸಿದರೆ ವರ್ಷಾಂತ್ಯದಲ್ಲಿ ಎರಡು ಪುಸ್ತಕ ಕೂಡಿಸುವ ತಾಪತ್ರಯ. ಮಾರ್ಚ್ 31ರ ಬಾಕಿಗಳು ಮಾತ್ರ ಹೊಸದಕ್ಕೆ ಹೋಗಲಿ. ಗಿರಾಕಿಗಳ ಉದ್ರಿ, ಮಾಲು ಕೊಟ್ಟವರಿಗೆ ಕೊಡಬೇಕಾದದ್ದು, ಬ್ಯಾಂಕು, ಕೈಯಲ್ಲಿರುವ ನಗದು, ಸ್ಟಾಕು ಇಂಥ ಬಾಕಿಗಳು ಸಾಕು, ಹಳೆಯ ಬಿಲ್‌ಗಳನ್ನೆಲ್ಲ ಎತ್ತಿ ತರಬೇಕಿಲ್ಲ. ಏಪ್ರಿಲ್‌ನಿಂದ ಜೂನ್‌ವರೆಗೆ ಹಳೆಯದು, ಹೊಸದು ಎರಡನ್ನೂ ಬರೆಯಿರಿ. ಕಷ್ಟವೇ, ಆದರೂ ಮೊದಲ ತ್ರೈಮಾಸಿಕದ ರಿಟರ್ನ್ ಎರಡರಲ್ಲೂ ಒಂದೇ ಅಂಕಿ ಕೊಟ್ಟ ಮೇಲೆಯೇ ಹಳೆಯದನ್ನು ನಿಲ್ಲಿಸಿ.

ಕೊನೆಗೆ ನನ್ನ ಸಲಹೆ ಇಷ್ಟು. ಒಬ್ಬರೇ ನಡೆಸುವ ಅಂಗಡಿಯಾದರೆ ಫ್ರಾಪೆ ಬುಕ್ಸ್. ಸ್ಟಾಕಿಲ್ಲದ ಸೇವಾ ಕೆಲಸವಾದರೆ ಜಿಎನ್‌ಯುಕ್ಯಾಶ್ ಸಾಕು. ಹತ್ತಾರು ಜನರ ಕಾರ್ಖಾನೆ, ಸಗಟು ವ್ಯಾಪಾರವಾದರೆ ಇಆರ್‌ಪಿನೆಕ್ಸ್ಟ್, ಆದರೆ ಅದನ್ನು ನೋಡಿಕೊಳ್ಳುವವರನ್ನು ಮೊದಲು ಗೊತ್ತುಮಾಡಿಕೊಂಡು ಆಮೇಲೆ. ಅಂಥವರು ಸಿಗುವವರೆಗೆ, ಈಗಾಗಲೇ ಪರವಾನಗಿ ಪಡೆದ ಟ್ಯಾಲಿ ಇದ್ದರೆ ಅದರಲ್ಲೇ ಇರಿ, ತಿಂಗಳಿಗೊಮ್ಮೆ ಎಲ್ಲ ಖಾತೆಗಳನ್ನು ಎಕ್ಸೆಲ್‌ಗೆ ತೆಗೆದಿಡಿ. ಏನೇ ಆರಿಸುವ ಮೊದಲು ನಿಮ್ಮ ಆಡಿಟರಿಗೆ ಫೋನ್ ಮಾಡಿ, ಲೆಕ್ಕವನ್ನು ಯಾವ ರೂಪದಲ್ಲಿ ಕೊಟ್ಟರೆ ಅವರಿಗೆ ಆಗುತ್ತದೆಂದು ಕೇಳಿ. ಎಕ್ಸೆಲ್ ಆದರೂ ನಡೆಯುತ್ತದೆ ಎಂದರೆ ಮೇಲೆ ಹೇಳಿದ ಮೂರರಲ್ಲಿ ಒಂದನ್ನು ಈ ವಾರವೇ ಇಳಿಸಿಕೊಂಡು, ಕಳೆದ ತಿಂಗಳ ನಿಮ್ಮ ಹತ್ತು ಬಿಲ್ ಹಾಕಿ ನೋಡಿ.