ಒಂದು ಸರ್ವೆ ನಂಬರ್, ಹಲವು ಪಾಠ

ಕಾಲೇಜಿನಲ್ಲಿ ಮಣ್ಣಿನ ಪಾಠಕ್ಕೆ ಒಬ್ಬ ಮೇಷ್ಟ್ರು, ಸಸ್ಯರೋಗಕ್ಕೆ ಇನ್ನೊಬ್ಬರು, ಹವಾಮಾನಕ್ಕೆ ಮತ್ತೊಬ್ಬರು. ಜಮೀನಿಗೆ ಬಂದರೆ ಎಲ್ಲವೂ ಒಂದೇ ಕಡೆ ಕಲಸಿಕೊಂಡಿರುತ್ತೆ. ಈ ಬೇರೆ ಬೇರೆ ಪಾಠಗಳನ್ನು ಒಂದೇ ನಕ್ಷೆಯ ಮೇಲೆ ಪದರ ಪದರವಾಗಿ ಹಾಸಿ ನೋಡೋದಕ್ಕೆ ಜಿಐಎಸ್ ಅಂತಾರೆ. ಇಂಜಿನಿಯರುಗಳ ವಿದ್ಯೆ ಅಂದ್ಕೋಬೇಡಿ, ಅರ್ಧ ಕೆಲಸ ನಿಮ್ಮ ಫೋನಿನಲ್ಲೇ ಆಗುತ್ತೆ.

ಶುಂಠಿಯನ್ನೇ ತಗೊಳ್ಳಿ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಕೆಂಪು ಹಗುರ ಮಣ್ಣು ಹೊಗೆಸೊಪ್ಪಿಗೆ ಒಗ್ಗಿದ್ದೇ ಅದರಲ್ಲಿ ನೀರು ನಿಲ್ಲೋದಿಲ್ಲ, ಸಾರಜನಕ ಕಮ್ಮಿ ಅನ್ನೋ ಕಾರಣಕ್ಕೆ. ಆದರೆ ಅದೇ ಜಮೀನಿನ ಇಳಿಜಾರಿನ ಕೆಳಗೆ ಜೇಡಿ ಜಾಸ್ತಿ, ನೀರು ನಿಲ್ಲುತ್ತೆ. ಗೆಡ್ಡೆ ಕೊಳೆ ತರುವ ಪಿಥಿಯಂಗೆ ನಿಂತ ನೀರು ಅಂದ್ರೆ ಹಬ್ಬ, ಹರಿಯೋ ನೀರು ಅಂದ್ರೆ ಪುಕ್ಕಟೆ ಬಸ್ಸು. ಮೇಲಿನ ಮಡಿಯಲ್ಲಿ ಶುರುವಾದ ಕೊಳೆ ಕೆಳಗಿನ ಮಡಿಗೆ ಇಳಿದುಬರುತ್ತೆ. ಇಲ್ಲಿ ಇಳಿಜಾರು ಭೂಗೋಳ, ಜೇಡಿ ಮಣ್ಣುಶಾಸ್ತ್ರ, ಕೊಳೆ ಸಸ್ಯರೋಗ. ನಿಮಗೆ ಮಾತ್ರ ಅದು ಎಕರೆಗೆ ಲಕ್ಷಗಟ್ಟಲೆ ಸುರಿದ ದುಡ್ಡು.

ಹಾಗಾಗಿ ಜೋರು ಮಳೆಯ ಮಾರನೇ ದಿನ ಜಮೀನೆಲ್ಲ ಓಡಾಡಿ. ನೀರು ನಿಂತ ಕಡೆಯೆಲ್ಲ ಗೂಗಲ್ ಮ್ಯಾಪ್‌ನಲ್ಲಿ ಒತ್ತಿ ಹಿಡಿದು ಗುರುತು ಸೇವ್ ಮಾಡಿ. ಕೊಳೆ ಕಂಡ ಜಾಗಗಳನ್ನು ಬೇರೆ ಪಟ್ಟಿಗೆ ಹಾಕಿ. ಬಯಲಿನಲ್ಲೂ ಫೋನಿನ ಜಿಪಿಎಸ್ ಕೆಲವು ಮೀಟರ್ ಅತ್ತಿತ್ತ ಆಗುತ್ತೆ, ಈ ಕೆಲಸಕ್ಕೆ ಅಷ್ಟು ಸಾಕು. ಎರಡು ಮಳೆಗಾಲದ ಗುರುತು ಒಟ್ಟಿಗೆ ನೋಡಿದರೆ ಬಸಿಗಾಲುವೆ ಎಲ್ಲಿ ತೆಗೀಬೇಕು, ಯಾವ ತುಂಡಿಗೆ ಶುಂಠಿ ಬೇಡವೇ ಬೇಡ ಅನ್ನೋದು ಕಾಣುತ್ತೆ.

ಐರೋಪ್ಯ ಒಕ್ಕೂಟದ ಸೆಂಟಿನೆಲ್-2 ಉಪಗ್ರಹದ ಚಿತ್ರ ಪುಕ್ಕಟೆ ಸಿಗುತ್ತೆ. ಅದರ ಒಂದು ಚುಕ್ಕಿ ಅಂದ್ರೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ನಮ್ಮ ಗುಂಟೆ ಸುಮಾರು 101 ಚದರ ಮೀಟರ್. ಲೆಕ್ಕ ಸರಿಹೋಯ್ತಲ್ಲ, ಒಂದು ಚುಕ್ಕಿಗೆ ಒಂದು ಗುಂಟೆ! ಬೆಳೆ ಸೊರಗಿದ ಗುಂಟೆ ಯಾವುದು ಅಂತ ಬಣ್ಣದಲ್ಲೇ ಗೊತ್ತಾಗುತ್ತೆ. ತೊಂದರೆ ಒಂದೇ, ಮುಂಗಾರಿನ ಮೋಡ. ಕೆ.ಆರ್. ನಗರದ ಗದ್ದೆ ಬಯಲಿನವರಿಗೆ ನಾಲೆಯ ಕೊನೆಗೆ ನೀರು ಬಂತಾ ಅನ್ನೋದು ಮುಖ್ಯ. ಅವರು ಸೆಂಟಿನೆಲ್-1 ನೋಡಲಿ. ಅದು ರೇಡಾರ್, ಮೋಡ ದಾಟಿ ನೋಡುತ್ತೆ. ನೀರು ನಿಂತ ಗದ್ದೆ ಅದರಲ್ಲಿ ಕಪ್ಪಗೆ ಕಾಣುತ್ತೆ.

ನಾಗರಹೊಳೆ ಅಂಚಿನವರ ಕಥೆಯೇ ಬೇರೆ. ರಾತ್ರಿ ಆನೆ ನುಗ್ಗಿ ರಾಗಿ ತುಳಿದರೆ ಬೆಳಿಗ್ಗೆ ಬೈಕೊಂಡು ಕೂರೋದಲ್ಲ, ಲೊಕೇಶನ್ ಆನ್ ಮಾಡಿ ಫೋಟೊ ತೆಗೀರಿ. ಬಂಡೀಪುರ, ನಾಗರಹೊಳೆ ಸುತ್ತಿನ ಹಳ್ಳಿಗಳಲ್ಲಿ 2015ರಿಂದ ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್‌ನ ‘ವೈಲ್ಡ್ ಸೇವೆ’ಯವರು ಹೀಗೇ ಸ್ಥಳದ ವಿವರ ದಾಖಲಿಸಿ ಪರಿಹಾರದ ಅರ್ಜಿಗೆ ನೆರವಾಗುತ್ತಿದ್ದಾರೆ. ಊರಿನ ಹುಡುಗರೆಲ್ಲ ಸೇರಿ ಒಂದೇ ನಕ್ಷೆಯಲ್ಲಿ ತಿಂಗಳುವಾರು ಗುರುತು ಹಾಕಿದರೆ ಆನೆ ಯಾವ ಹಳ್ಳ ಹಿಡಿದು ಬರುತ್ತೆ, ಯಾವ ಬೆಳೆ ಹುಡುಕಿ ಬರುತ್ತೆ ಅಂತ ತಿಳಿಯುತ್ತೆ. ಪ್ರಾಣಿಶಾಸ್ತ್ರದವರು ಕಾಡಿನಲ್ಲಿ ಮಾಡೋದೂ ಹೆಚ್ಚುಕಮ್ಮಿ ಇದನ್ನೇ.

ಇತಿಹಾಸಕ್ಕೂ ನಕ್ಷೆ ಬೇಕು. 1799ರಲ್ಲಿ ಟಿಪ್ಪು ತೀರಿಕೊಂಡ ಮೇಲೆ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯನ್ನು ಅಳೆಯೋಕೆ ಹೊರಟ. ಜೊತೆಗೆ ಊರೂರಿನ ಶಾಸನ, ಕೈಫಿಯತ್ತುಗಳನ್ನೂ ಕೂಡಿಸಿದ. ನಿಮ್ಮ ಊರಿನ ಹಳೇ ಗ್ರಾಮ ನಕ್ಷೆ ಸಿಕ್ಕರೆ ಈಗಿನ ಉಪಗ್ರಹ ಚಿತ್ರದ ಪಕ್ಕ ಇಟ್ಟು ನೋಡಿ. ಮುಚ್ಚಿಹೋದ ಕಟ್ಟೆ, ಒತ್ತುವರಿಯಾದ ಹಳ್ಳ ಕಂಡರೂ ಕಂಡೀತು. ಕೃಷಿಹೊಂಡಕ್ಕೆ ಜಾಗ ಹುಡುಕೋವಾಗ ನಾನಂತೂ ಮೊದಲು ಅಲ್ಲೇ ನೋಡ್ತೀನಿ.

ಸರ್ವೆ ನಂಬರ್ ತಿಳಿಯೋಕೆ ರಾಜ್ಯ ಸರ್ಕಾರದ ‘ದಿಶಾಂಕ್’ ಆಪ್ ಇದೆ. ನಿಂತ ಜಾಗದ ನಂಬರ್ ತೋರಿಸುತ್ತೆ, ಜಮೀನು ಕೊಳ್ಳೋಕೆ, ಗುತ್ತಿಗೆ ಹಿಡಿಯೋಕೆ ಹೋದಾಗ ತುಂಬ ಅನುಕೂಲ. ಆದರೆ ಅದರ ಗೆರೆ ಹಿಡಿದು ಬದು ಸರಿಸೋಕೆ ಹೋಗಬೇಡಿ. ಗ್ರಾಮ ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸುವಾಗ ಗೆರೆ ಕೆಲವು ಮೀಟರ್ ಜರುಗಿರುತ್ತೆ. ಪಕ್ಕದವರ ಜೊತೆ ತಕರಾರು ಇದ್ದರೆ ಹದ್ದುಬಸ್ತಿಗೆ ಅರ್ಜಿ ಹಾಕಿ, ಸರ್ವೆಯರ್ ಬಂದು ಕಲ್ಲು ತೋರಿಸಿದ ಮೇಲೇ ಬೇಲಿಗೆ ಗುಂಡಿ ತೆಗೀರಿ.